ರೋರಿ ಗ್ಯಾಲಹರ್ ಕೇಳೋಕೆ ಎಲ್ಲಿಂದ ಶುರು ಮಾಡೋದು?

ಹೋದ ಸಂಚಿಕೆಯಲ್ಲಿ ಐರ್ಲೆಂಡಿನ ಬ್ಲೂಸ್-ರಾಕ್ ಗಿಟಾರ್ ವಾದಕ ರೋರಿ ಗ್ಯಾಲಹರ್ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಅದಕ್ಕೇ ಇಷ್ಟು ಪತ್ರ ಬಂದಿರುವುದು ನೋಡಿ ತುಂಬಾ ಖುಷಿಯಾಯಿತು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವನಿಗೇ. ಹೊಸದಾಗಿ ಓದುತ್ತಿರುವವರಿಗೆ ಇಷ್ಟು ಗೊತ್ತಿದ್ದರೆ ಸಾಕು: 1948ರಲ್ಲಿ ಡಾನೆಗಾಲ್ ಸೀಮೆಯ ಬ್ಯಾಲಿಶಾನನ್‌ನಲ್ಲಿ ಹುಟ್ಟಿದ, ಕಾರ್ಕ್ ನಗರದಲ್ಲಿ ಬೆಳೆದ, ಅರವತ್ತರ ದಶಕದ ಕೊನೆಗೆ 'ಟೇಸ್ಟ್' ಎನ್ನುವ ಮೂವರ ತಂಡದಲ್ಲಿ ಹೆಸರು ಮಾಡಿದ, 1971ರಿಂದ ಸ್ವಂತ ಹೆಸರಲ್ಲಿ ಆಲ್ಬಂ ತಂದ. 1995ರಲ್ಲಿ ತೀರಿಕೊಂಡಾಗ ಅವನಿಗೆ ಬರೀ 47 ವರ್ಷ.

ಪ್ರಶ್ನೆ: ಸರ್, ರೋರಿಯ ಲೈವ್ ಆಲ್ಬಂ ಮಾತ್ರ ಕೇಳು, ಸ್ಟುಡಿಯೋದಲ್ಲಿ ಮಾಡಿದ್ದೆಲ್ಲ ಸಪ್ಪೆ ಅಂತ ನನ್ನ ಗೆಳೆಯ ಹೇಳುತ್ತಾನೆ. ನಿಜವಾ? ಹೊಸಬರು ಯಾವುದರಿಂದ ಶುರು ಮಾಡಬೇಕು? (ಓದುಗರು, ಧಾರವಾಡ)

ಈ ಮಾತನ್ನು ಹಬ್ಬಿಸಿದ್ದು ರೋರಿಯ ಅಭಿಮಾನಿಗಳೇ. ನನಗೆ ಇದು ಒಪ್ಪಿಗೆ ಇಲ್ಲ. ವೇದಿಕೆ ಹತ್ತಿದರೆ ಅವನನ್ನು ಹಿಡಿಯುವವರಿರಲಿಲ್ಲ, ಅದು ಸರಿ. ಆದರೆ ವೇದಿಕೆಯ ಮೇಲೆ ಅವನು ಅಷ್ಟು ಹಿಗ್ಗಿಸಿ, ಮುರಿದು, ಮತ್ತೆ ಕಟ್ಟಿ ನುಡಿಸಿದ ಹಾಡುಗಳನ್ನು ಬರೆದದ್ದು ಯಾರು? ಅವನೇ. ಗಿಟಾರ್ ವಾದಕ ಅಂತ ಎಲ್ಲರೂ ಹೊಗಳುತ್ತಾರೆ, ಹಾಡು ಬರೆಯುವವನು ಅಂತ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನಗೆ ಬೇಜಾರು ಅದೇ.

1971ರ ಮೇ ತಿಂಗಳಲ್ಲಿ ಬಂದ ಮೊದಲ ಆಲ್ಬಂಗೆ ಅವನ ಹೆಸರೇ ಶೀರ್ಷಿಕೆ. ಬೆಲ್‌ಫಾಸ್ಟ್‌ನ ಜೆರಿ ಮ್ಯಾಕವೋಯ್ ಬಾಸ್, ವಿಲ್ಗರ್ ಕ್ಯಾಂಬೆಲ್ ಡ್ರಮ್ಸ್. ಅದರಲ್ಲಿ 'ಐ ಫಾಲ್ ಅಪಾರ್ಟ್' ಕೇಳಿ. ಮೆಲ್ಲಗೆ, ಬಹುತೇಕ ಜಾಝ್ ತರ ಶುರುವಾಗುತ್ತದೆ, ಕೊನೆಗೆ ಬರುವ ಗಿಟಾರ್ ಸೋಲೋ ಏರುತ್ತಾ ಹೋಗುವುದು ನಿಮಗೆ ಗೊತ್ತೇ ಆಗುವುದಿಲ್ಲ, ಏರಿದ ಮೇಲೆ ಗೊತ್ತಾಗುತ್ತದೆ. ಅದೇ ವರ್ಷ ನವೆಂಬರ್‌ನಲ್ಲಿ 'ಡ್ಯೂಸ್'. ಕಛೇರಿ ಕೊಡುವ ಬಿಸಿಯಲ್ಲೇ ಸ್ಟುಡಿಯೋಗೆ ಹೋಗಿ, ಆ ಬಿಸಿ ಆರುವ ಮುಂಚೆ ಮುದ್ರಿಸಬೇಕು ಎನ್ನುವುದು ಅವನ ಹಟ. ಹಾಗಾಗಿ 'ಡ್ಯೂಸ್' ನಯವಾಗಿಲ್ಲ. ಒರಟು ಒರಟಾಗಿದೆ. ಆ ಒರಟುತನಕ್ಕೇ ನನಗೆ ಅದು ಇಷ್ಟ, ಕೊನೆಯ ಹಾಡು 'ಕ್ರೆಸ್ಟ್ ಆಫ್ ಎ ವೇವ್'ನಲ್ಲಿ ಸ್ಲೈಡ್ ಗಿಟಾರ್ (ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವುದು) ಒಳಗೆ ಬರುವ ರೀತಿಗಾಗಿಯೇ ಆಲ್ಬಂ ಕೊಳ್ಳಬಹುದು.

ಶುರು ಮಾಡುವುದಕ್ಕೆ ನನ್ನ ಸಲಹೆ ಬೇರೆ. 1973ರ ನವೆಂಬರ್‌ನಲ್ಲಿ ಬಂದ 'ಟಟೂ' ಎನ್ನುವ ಸ್ಟುಡಿಯೋ ಆಲ್ಬಂ ಮೊದಲು. ಎರಡು-ಮೂರು ಸಲ ಕೇಳಿ, ಹಾಡುಗಳು ಬಾಯಿಗೆ ಬರುವಷ್ಟು. ಆಮೇಲೆ 1974ರ 'ಐರಿಷ್ ಟೂರ್' ಹಾಕಿ. ಅದರಲ್ಲಿ 'ಕ್ರೇಡಲ್ ರಾಕ್', 'ಟಟೂಡ್ ಲೇಡಿ', 'ಎ ಮಿಲಿಯನ್ ಮೈಲ್ಸ್ ಅವೇ', 'ಹೂಸ್ ದಟ್ ಕಮಿಂಗ್', ಈ ನಾಲ್ಕೂ 'ಟಟೂ'ದಿಂದಲೇ ಬಂದವು. ಹಾಡು ಮೊದಲೇ ಗೊತ್ತಿದ್ದರೆ ಅವನು ಎಲ್ಲಿ ದಾರಿ ಬಿಟ್ಟ, ಎಲ್ಲಿ ವಾಪಸ್ ಬಂದ ಅನ್ನುವುದು ತಿಳಿಯುತ್ತದೆ. ಗೊತ್ತಿಲ್ಲದೆ ಲೈವ್ ಕೇಳಿದರೆ ಉದ್ದ ಸೋಲೋ ಅಷ್ಟೇ ಕಿವಿಗೆ ಬೀಳೋದು. ನಿಮ್ಮ ಗೆಳೆಯರಿಗೂ ಇದನ್ನೇ ಹೇಳಿ.

ಪ್ರಶ್ನೆ: 'ಎ ಮಿಲಿಯನ್ ಮೈಲ್ಸ್ ಅವೇ' ಸ್ಟುಡಿಯೋದಲ್ಲೂ ಇದೆ, ಲೈವ್‌ನಲ್ಲೂ ಇದೆ. ನಿಮಗೆ ಯಾವುದು ಹೆಚ್ಚು? (ಓದುಗರು, ಮೈಸೂರು)

ಲೈವ್. ಆದರೆ ಕಾರಣ ಹೇಳದೆ ಬಿಟ್ಟರೆ ಮೇಲಿನ ಪತ್ರದವರ ಗೆಳೆಯ ಗೆದ್ದಂತಾಗುತ್ತದೆ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹಾಡಿನಲ್ಲಿ ಇರುವುದು ಇಷ್ಟು: ಒಂದು ಹೋಟೆಲಿನ ಬಾರು, ತುಂಬಾ ಜನ, ಪಿಯಾನೋ ನುಡಿಸುವವನೊಬ್ಬ. ಅದರ ನಡುವೆ ಒಬ್ಬ ಮನುಷ್ಯ ಕೂತಿದ್ದಾನೆ, ಅವನ ಮನಸ್ಸು ಅಲ್ಲಿಲ್ಲ. ಕಥೆ ಅಂತ ಏನೂ ಇಲ್ಲ. ಯಾಕೆ ಬೇಸರ, ಯಾರು ಬಿಟ್ಟು ಹೋದರು, ಏನೂ ಹೇಳುವುದಿಲ್ಲ. ಸ್ಟುಡಿಯೋದ ಹಾಡು ಸುಮಾರು ಏಳು ನಿಮಿಷ. ಅದರಲ್ಲಿ ಎಲ್ಲವೂ ಅಚ್ಚುಕಟ್ಟು. ಗಿಟಾರ್, ಲೂ ಮಾರ್ಟಿನ್ನನ ಕೀಬೋರ್ಡ್, ರಾಡ್ ಡಿಯಾತ್‌ನ ಡ್ರಮ್ಸ್ ಒಂದರ ಜಾಗಕ್ಕೆ ಇನ್ನೊಂದು ಕಾಲಿಡುವುದಿಲ್ಲ, ಮಾತು ಸ್ಪಷ್ಟವಾಗಿ ಕೇಳುತ್ತದೆ, ರಾಗ ನೆನಪಲ್ಲಿ ಉಳಿಯುತ್ತದೆ. ಬರೆದ ಹಾಡು ಎಷ್ಟು ಗಟ್ಟಿ ಅಂತ ಇಲ್ಲೇ ಗೊತ್ತಾಗೋದು.

ಲೈವ್‌ನಲ್ಲಿ ಅದು ಒಂಬತ್ತು ನಿಮಿಷ ದಾಟುತ್ತದೆ. ಹೆಚ್ಚಾದ ಎರಡೂವರೆ ನಿಮಿಷದಲ್ಲಿ ಅವನು ವೇಗ ತೋರಿಸಿಲ್ಲ, ಅದನ್ನು ಗಮನಿಸಿ. ನಡುವೆ ದನಿ ಇಳಿಸುತ್ತಾನೆ. ಬಾಸ್ ಮತ್ತು ಡ್ರಮ್ಸ್ ಕೂಡ ಅವನ ಜೊತೆಗೇ ತಗ್ಗುತ್ತವೆ. ಒಂದೊಂದೇ ಸ್ವರ, ನಡುವೆ ಖಾಲಿ, ಸಭಾಂಗಣದ ತುಂಬಾ ಜನ ಇದ್ದಾರೆ ಅನ್ನುವುದು ಆ ಖಾಲಿಯಲ್ಲೇ ಗೊತ್ತಾಗುತ್ತದೆ. ತುಂಬಿದ ಬಾರಿನಲ್ಲಿ ಒಂಟಿ ಕೂತವನ ಹಾಡನ್ನು ತುಂಬಿದ ಸಭೆಯ ನಡುವೆ ಒಬ್ಬನೇ ನಿಂತು ನುಡಿಸಿದಂತೆ, ಅಲ್ವಾ? ಸ್ಟುಡಿಯೋದಲ್ಲಿ ಇದು ಬರಲು ಸಾಧ್ಯವೇ ಇರಲಿಲ್ಲ, ಅಲ್ಲಿ ಜನ ಎಲ್ಲಿಂದ ತರೋದು. ಆಮೇಲೆ ನಿಧಾನಕ್ಕೆ ಮತ್ತೆ ಏರಿಸುತ್ತಾನೆ. ಏರಿದಾಗ ಗಿಟಾರಿನ ದನಿ ಒಡೆಯುತ್ತದೆ, ಕಿರುಚುವುದಿಲ್ಲ. ಅದಕ್ಕೇ ನನಗೆ ಲೈವ್.

ಎಲ್ಲ ಹಾಡಿಗೂ ಇದೇ ತೀರ್ಪಲ್ಲ. 'ಟಟೂಡ್ ಲೇಡಿ' ನನಗೆ ಸ್ಟುಡಿಯೋದಲ್ಲೇ ಇಷ್ಟ. ಊರೂರು ತಿರುಗುವ ಜಾತ್ರೆಯವರ ನಡುವೆ ಬೆಳೆದವನ ಹಾಡು ಅದು, ಅದರ ಸುಖ ಮಾತಿನಲ್ಲಿದೆ, ವೇಗ ಹೆಚ್ಚಾದರೆ ಮಾತು ಓಡಿಬಿಡುತ್ತದೆ. 'ವಾಕ್ ಆನ್ ಹಾಟ್ ಕೋಲ್ಸ್' ಬಗ್ಗೆ ಮಾತ್ರ ಎರಡು ಮಾತಿಲ್ಲ. 1973ರ 'ಬ್ಲೂಪ್ರಿಂಟ್'ನಲ್ಲಿ ಏಳು ನಿಮಿಷ, 'ಐರಿಷ್ ಟೂರ್'ನಲ್ಲಿ ಹನ್ನೊಂದು, ಆ ಹನ್ನೊಂದರಲ್ಲಿ ಒಂದು ನಿಮಿಷವೂ ವ್ಯರ್ಥ ಅಲ್ಲ.

ಪ್ರಶ್ನೆ: 'ಐರಿಷ್ ಟೂರ್'ಗೆ ಅಷ್ಟೊಂದು ಮಹತ್ವ ಯಾಕೆ? ಲೈವ್ ಆಲ್ಬಂ ಎಲ್ಲರೂ ಮಾಡುತ್ತಾರಲ್ಲ. (ಓದುಗರು, ಶಿವಮೊಗ್ಗ)

ಅದು ಮುದ್ರಣವಾದ ಕಾಲ ನೋಡಿ. 1974ರ ಜನವರಿ. ಕ್ಯಾಥೊಲಿಕ್-ಪ್ರಾಟೆಸ್ಟಂಟ್ ಸಂಘರ್ಷದಲ್ಲಿ ಉತ್ತರ ಐರ್ಲೆಂಡ್ ಹೊತ್ತಿ ಉರಿಯುತ್ತಿದ್ದ ದಿನಗಳು. ಬೆಲ್‌ಫಾಸ್ಟ್‌ನಲ್ಲಿ ಬಾಂಬು, ಗುಂಡು, ಬೀದಿಯಲ್ಲಿ ಸೈನ್ಯ. ಹೊರಗಿನ ತಂಡಗಳು ಆ ಊರಿನ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದವು. ರೋರಿ ಬಿಡಲಿಲ್ಲ. ಅಲ್ಲಿನ ಅಲ್ಸ್ಟರ್ ಹಾಲ್‌ಗೆ ಮತ್ತೆ ಮತ್ತೆ ಹೋಗಿ ನುಡಿಸಿದ. ಕ್ಯಾಥೊಲಿಕ್, ಪ್ರಾಟೆಸ್ಟಂಟ್ ಎರಡೂ ಕಡೆಯ ಹುಡುಗ ಹುಡುಗಿಯರು ಒಂದೇ ಸಭೆಯಲ್ಲಿ ನಿಂತು ಕೇಳಿದರು. ಅವನು ರಾಜಕೀಯ ಭಾಷಣ ಮಾಡಲಿಲ್ಲ, ಬಂದು ನುಡಿಸಿದ, ಅಷ್ಟೆ. ಆ ಊರಿನವರು ಅದನ್ನು ಇವತ್ತಿಗೂ ಮರೆತಿಲ್ಲ.

ಆ ಪ್ರವಾಸದಲ್ಲಿ ಬೆಲ್‌ಫಾಸ್ಟ್, ಡಬ್ಲಿನ್, ಕಾರ್ಕ್ ಮೂರೂ ಕಡೆ ಮುದ್ರಣ ಮಾಡಿದರು. ಟೋನಿ ಪಾಮರ್ ಎನ್ನುವ ನಿರ್ದೇಶಕ ಜೊತೆಗೇ ಓಡಾಡಿ ಚಿತ್ರವನ್ನೂ ತೆಗೆದ. ಎರಡು ಎಲ್‌ಪಿಗಳ ಆಲ್ಬಂ ಅದೇ ವರ್ಷ ಜುಲೈನಲ್ಲಿ ಬಂತು. 2014ರಲ್ಲಿ ಏಳು ಸಿಡಿಗಳ ಪೆಟ್ಟಿಗೆಯೊಂದು ಬಂದಿದೆ, ಅದರಲ್ಲಿ ಮೂರೂ ಊರಿನ ಕಛೇರಿಗಳಿವೆ. ಒಂದೇ ಹಾಡನ್ನು ಮೂರು ಊರಲ್ಲಿ ಹೇಗೆ ನುಡಿಸಿದ ಅಂತ ಹೋಲಿಸಿ ಕೇಳುವ ಹುಚ್ಚು ಇರುವವರಿಗೆ ಅದು ಬೇಕೇ ಬೇಕು. ಬಾಕಿಯವರಿಗೆ ಮೂಲ ಆಲ್ಬಂ ಸಾಕು.

ಇದಕ್ಕೆ ಮುಂಚಿನ ಲೈವ್ ಆಲ್ಬಂ 1972ರ 'ಲೈವ್ ಇನ್ ಯೂರೋಪ್' ಕೂಡ ಮರೆಯಬೇಡಿ. ಅದರ ಏಳು ಹಾಡುಗಳಲ್ಲಿ ಸ್ಟುಡಿಯೋ ಆಲ್ಬಂನಿಂದ ಬಂದದ್ದು 'ಲಾಂಡ್ರೊಮ್ಯಾಟ್' ಮತ್ತು 'ಇನ್ ಯುವರ್ ಟೌನ್' ಎರಡೇ. ಉಳಿದದ್ದೆಲ್ಲ ವೇದಿಕೆಗಾಗಿಯೇ ಇಟ್ಟುಕೊಂಡದ್ದು. ಹಳೆಯ ಹಾಡುಗಳನ್ನೇ ಲೈವ್ ಅಂತ ಮತ್ತೆ ಮಾರುವವರ ನಡುವೆ ಇದು ದೊಡ್ಡ ಮಾತು. ಆ ಆಲ್ಬಂ ಬ್ರಿಟನ್ನಿನಲ್ಲಿ ಮೊದಲ ಹತ್ತರೊಳಗೆ ಬಂತು.

ಪ್ರಶ್ನೆ: ನಾನು ಗಿಟಾರ್ ಕಲಿಯುತ್ತಿದ್ದೇನೆ. ರೋರಿಯ ದನಿ ಬರಬೇಕು ಅಂದರೆ ಯಾವ ಪೆಡಲ್ ಕೊಳ್ಳಲಿ? (ಓದುಗರು, ಮಂಗಳೂರು)

ಪೆಡಲ್ ಅಂದರೆ ಗಿಟಾರಿನ ದನಿ ಬದಲಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ. ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ಅವನ ಹತ್ತಿರ ಏನಿತ್ತು ಅಂತ ಮೊದಲು ಹೇಳುತ್ತೇನೆ.

1961ರ ಒಂದು ಫೆಂಡರ್ ಸ್ಟ್ರಾಟೊಕ್ಯಾಸ್ಟರ್. 1963ರಲ್ಲಿ, ಹದಿನೈದರ ಹುಡುಗನಾಗಿದ್ದಾಗ, ಕಾರ್ಕ್‌ನ ಕ್ರೌಲಿ ಅಂಗಡಿಯಲ್ಲಿ ಕಂತಿನ ಮೇಲೆ ತಗೊಂಡದ್ದು. ಬೆಲೆ ಹೆಚ್ಚುಕಮ್ಮಿ 100 ಪೌಂಡ್, ಆ ಕಾಲಕ್ಕೆ ಒಂದು ಮನೆಗೆ ಭಾರವಾಗುವಷ್ಟು ದುಡ್ಡು. ಅದನ್ನೇ ಕೊನೆಯವರೆಗೂ ನುಡಿಸಿದ. ಒಮ್ಮೆ ಕಳುವಾಗಿ, ಮಳೆಯಲ್ಲಿ ನೆನೆದು, ಮತ್ತೆ ಸಿಕ್ಕಿತು. ಮೈಮೇಲಿನ ಬಣ್ಣ ವರ್ಷ ವರ್ಷ ಕಿತ್ತು ಹೋಗಿ ಬರೀ ಮರ ಕಾಣುವ ಹಾಗಾಯಿತು. ರಾತ್ರಿ ರಾತ್ರಿ ಅಷ್ಟು ಬೆವರು ಅದರ ಮೇಲೆ ಸುರಿದಿದೆ. ಅವನು ಅದಕ್ಕೆ ಹೊಸ ಬಣ್ಣ ಹೊಡೆಸಲಿಲ್ಲ.

ಎಪ್ಪತ್ತರ ಮೊದಲ ಆಲ್ಬಂಗಳಲ್ಲಿ ಆ ಗಿಟಾರಿನ ದನಿ ಹೋಗುತ್ತಿದ್ದದ್ದು ವಾಕ್ಸ್ ಎಸಿ30 ಆಂಪ್‌ಗೆ (ದನಿ ದೊಡ್ಡದು ಮಾಡುವ ಯಂತ್ರ). ನಡುವೆ ಡಲ್ಲಾಸ್ ರೇಂಜ್‌ಮಾಸ್ಟರ್ ಎನ್ನುವ ಚಿಕ್ಕ ಪೆಟ್ಟಿಗೆ. ಅದರ ಕೆಲಸ ಇಷ್ಟೇ: ಮೇಲಿನ ಸ್ವರಗಳ ಬಲ ಹೆಚ್ಚಿಸಿ ಆಂಪ್‌ನ ವಾಲ್ವ್‌ಗಳ ಮೇಲೆ ಒತ್ತಡ ಹಾಕುವುದು, ಆ ಒತ್ತಡಕ್ಕೆ ದನಿ ಒಡೆಯುತ್ತದೆ. ಒಡೆದರೂ ಒಂದೊಂದು ತಂತಿ ಬಿಡಿಬಿಡಿಯಾಗಿ ಕೇಳುತ್ತದೆ, ಈಗಿನ ಎಷ್ಟೋ ಡಿಸ್ಟಾರ್ಷನ್ ಪೆಡಲ್‌ಗಳಲ್ಲಿ ಎಲ್ಲ ಕಲಸಿಹೋಗುತ್ತಲ್ಲ, ಹಾಗಲ್ಲ.

ಇನ್ನು ನೀವು ಮಾಡಬೇಕಾದ್ದು. ನಿಮ್ಮ ಆಂಪ್‌ನ ದನಿ ಜೋರಾಗಿ ಬಾರಿಸಿದರೆ ಒಡೆಯುವ, ಮೆತ್ತಗೆ ಬಾರಿಸಿದರೆ ಸ್ವಚ್ಛವಾಗಿರುವ ಹಂತಕ್ಕೆ ತಂದು ನಿಲ್ಲಿಸಿ. ಆಮೇಲೆ ಆಂಪ್ ಮುಟ್ಟಬೇಡಿ. ಎಲ್ಲ ಬದಲಾವಣೆ ಬಲಗೈಯಿಂದ ಮತ್ತು ಗಿಟಾರಿನ ಮೇಲಿರುವ ವಾಲ್ಯೂಮ್ ಗುಂಡಿಯಿಂದಲೇ ಆಗಬೇಕು. 'ಐರಿಷ್ ಟೂರ್' ಚಿತ್ರದಲ್ಲಿ ಅವನ ಬಲಗೈ ಕಿರುಬೆರಳು ನೋಡುತ್ತಾ ಕೂರಿ. ಅದು ಸುಮ್ನೆ ಇರುವುದಿಲ್ಲ, ಗುಂಡಿ ತಿರುಗಿಸುತ್ತಲೇ ಇರುತ್ತದೆ. ಇನ್ನೊಂದು: ತಂತಿಯನ್ನು ಪ್ಲೆಕ್ಟ್ರಮ್‌ನಿಂದ (ಬೆರಳಲ್ಲಿ ಹಿಡಿಯುವ ಚಿಕ್ಕ ಬಿಲ್ಲೆ) ಮೀಟುವ ಕ್ಷಣದಲ್ಲೇ ಹೆಬ್ಬೆರಳಿನ ಅಂಚು ತಾಗಿಸಿ ಸೀಟಿಯಂಥ ಎತ್ತರದ ದನಿ ಎಬ್ಬಿಸುತ್ತಾನೆ. ಇದಕ್ಕೆ ದುಡ್ಡು ಬೇಡ, ಅಭ್ಯಾಸ ಬೇಕು. ತಿಂಗಳುಗಟ್ಟಲೆ ಹಿಡಿಯಬಹುದು, ಹಿಡಿಯಲಿ.

ಪ್ರಶ್ನೆ: ರೋಲಿಂಗ್ ಸ್ಟೋನ್ಸ್ ಅವನನ್ನು ಕರೆದಿತ್ತಂತೆ, ಹೌದಾ? (ಓದುಗರು, ತುಮಕೂರು)

ಹೌದು. ಅವರ ಗಿಟಾರ್ ವಾದಕ ಮಿಕ್ ಟೇಲರ್ ತಂಡ ಬಿಟ್ಟ ಮೇಲೆ, 1975ರ ಜನವರಿಯಲ್ಲಿ ರಾಟರ್‌ಡ್ಯಾಮ್‌ಗೆ ಹೋಗಿ ಅವರ ಜೊತೆ ನುಡಿಸಿದ. ಅಷ್ಟರಲ್ಲಿ ರೋರಿಯ ಜಪಾನ್ ಪ್ರವಾಸ ನಿಗದಿಯಾಗಿತ್ತು, ಹೊರಟುಹೋದ. ಕೊನೆಗೆ ಆ ಜಾಗಕ್ಕೆ ರಾನಿ ವುಡ್ ಬಂದ. ಒಳ್ಳೆಯದೇ ಆಯಿತು ಅಂತ ನಾನು ಹೇಳುತ್ತೇನೆ. ಅಲ್ಲಿ ಸೇರಿದ್ದರೆ ಅವನ 'ಕಾಲಿಂಗ್ ಕಾರ್ಡ್' ಆಲ್ಬಂ ಹುಟ್ಟುತ್ತಿರಲಿಲ್ಲ.

ಪ್ರಶ್ನೆ: ಇಷ್ಟೆಲ್ಲ ಇದ್ದೂ ಎರಿಕ್ ಕ್ಲಾಪ್ಟನ್, ಜಿಮಿ ಪೇಜ್ ಹೆಸರಿನಷ್ಟು ಇವನ ಹೆಸರು ಯಾಕೆ ಕೇಳಿಬರುವುದಿಲ್ಲ? (ಓದುಗರು, ಬೆಂಗಳೂರು)

ಅವನ ಕಾಲದಲ್ಲಿ ಕೇಳಿಬರುತ್ತಿತ್ತು. 1972ರಲ್ಲಿ 'ಮೆಲಡಿ ಮೇಕರ್' ಪತ್ರಿಕೆಯ ಓದುಗರು ಕ್ಲಾಪ್ಟನ್‌ನನ್ನು ಬಿಟ್ಟು ರೋರಿಯನ್ನು ವರ್ಷದ ಗಿಟಾರ್ ವಾದಕನಾಗಿ ಆರಿಸಿದ್ದರು. ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಲಂಡನ್ನಿಗೆ ಬಂದು ಆಲ್ಬಂ ಮಾಡಿದಾಗ ಗಿಟಾರ್ ನುಡಿಸಿದವರಲ್ಲಿ ಇವನೂ ಒಬ್ಬ. ಆಮೇಲೆ ಮಸುಕಾಗಿದ್ದಕ್ಕೆ ಮುಖ್ಯ ಕಾರಣ ಸಿಂಗಲ್, ಅಂದರೆ ಆಲ್ಬಂನಿಂದ ಬೇರೆಯಾಗಿ ಮಾರುವ ಬಿಡಿ ಹಾಡು. ಸಿಂಗಲ್ ಬಿಡುಗಡೆ ಮಾಡುವುದು ಅವನಿಗೆ ಇಷ್ಟವಿರಲಿಲ್ಲ. ಆಲ್ಬಂ ಪೂರ್ತಿ ಕೇಳಿ, ಕಛೇರಿಗೆ ಬನ್ನಿ ಎನ್ನುವವನು. ರೇಡಿಯೋದಲ್ಲಿ ದಿನಾ ಬರುವ ಒಂದು ಹಾಡಿಲ್ಲದೆ ಹೋದರೆ ಮುಂದಿನ ತಲೆಮಾರಿಗೆ ಹೆಸರು ತಲುಪುವುದು ಕಷ್ಟ. ಜೊತೆಗೆ ಅವನು ತೊಟ್ಟದ್ದು ಚೌಕಳಿ ಅಂಗಿ, ಜೀನ್ಸ್. ವೇದಿಕೆಯ ಕೆಳಗೆ ಅವನ ಬಗ್ಗೆ ಸುದ್ದಿ ಮಾಡುವಂಥದ್ದು ಏನೂ ಇರಲಿಲ್ಲ, ನಾಚಿಕೆಯ ಮನುಷ್ಯ. ಅವನ ತಮ್ಮ ಡೋನಲ್‌ನೇ ವ್ಯವಹಾರ ನೋಡಿಕೊಳ್ಳುತ್ತಿದ್ದ. ಆ ಹಟ ಅವನಿಗೆ ನಷ್ಟ ತಂದಿರಬಹುದು, ಕೇಳುವ ನಮಗೆ ಲಾಭ: ಎಪ್ಪತ್ತರ ದಶಕದ ಅವನ ಒಂದು ಆಲ್ಬಂನಲ್ಲೂ ರೇಡಿಯೋಗೆ ಅಂತ ತುರುಕಿದ ಹಾಡಿಲ್ಲ.

ಪ್ರಶ್ನೆ: 1975ರ ಆಚೆಗಿನ ಆಲ್ಬಂಗಳ ಬಗ್ಗೆ ನೀವು ಏನೂ ಬರೆಯಲಿಲ್ಲ. ಕೇಳುವಂತಿವೆಯಾ? (ಓದುಗರು, ಹುಬ್ಬಳ್ಳಿ)

1976ರ 'ಕಾಲಿಂಗ್ ಕಾರ್ಡ್' ತಪ್ಪಿಸಬೇಡಿ. ಡೀಪ್ ಪರ್ಪಲ್ ತಂಡದ ರಾಜರ್ ಗ್ಲೋವರ್ ಜೊತೆ ಸೇರಿ ಮ್ಯೂನಿಕ್‌ನಲ್ಲಿ ಮಾಡಿದ್ದು. ಹೊರಗಿನವರ ಮಾತು ಕೇಳುವುದು ರೋರಿಗೆ ಸುಲಭ ಇರಲಿಲ್ಲ, ಆದರೆ ಇಲ್ಲಿ ಅದರಿಂದ ಒಳ್ಳೆಯದೇ ಆಗಿದೆ. ಶೀರ್ಷಿಕೆ ಹಾಡಿನಲ್ಲಿ ಲೂ ಮಾರ್ಟಿನ್ನನ ಪಿಯಾನೋಗೆ ಬೇಕಾದಷ್ಟು ಜಾಗ ಸಿಕ್ಕಿದೆ, 'ಎಜ್ಡ್ ಇನ್ ಬ್ಲೂ'ನಲ್ಲಿ ರಾಗವೇ ರಾಜ. 'ಟಟೂ' ಬಿಟ್ಟರೆ ನನಗೆ ಇದೇ.

ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಆಲ್ಬಂ ಪೂರ್ತಿ ಮುದ್ರಿಸಿದ, ಕೇಳಿ ನೋಡಿದ, ಮನಸ್ಸಿಗೆ ಬರಲಿಲ್ಲ, ಬಿಡುಗಡೆಯನ್ನೇ ನಿಲ್ಲಿಸಿಬಿಟ್ಟ. ಕೀಬೋರ್ಡ್ ಬಿಟ್ಟು ಮತ್ತೆ ಮೂವರ ತಂಡ ಮಾಡಿಕೊಂಡು, ಟೆಡ್ ಮೆಕೆನ್ನಾನ ಡ್ರಮ್ಸ್ ಜೊತೆ, 1978ರಲ್ಲಿ 'ಫೋಟೋ-ಫಿನಿಶ್' ತಂದ. ಬಿಟ್ಟಿದ್ದ ಆ ಮುದ್ರಣ 2011ರಲ್ಲಿ 'ನೋಟ್ಸ್ ಫ್ರಮ್ ಸ್ಯಾನ್ ಫ್ರಾನ್ಸಿಸ್ಕೋ' ಅಂತ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ಅವನು ಏನನ್ನು ಬೇಡ ಅಂದ ಅಂತ ಗೊತ್ತಾಗುತ್ತದೆ. 1979ರ 'ಟಾಪ್ ಪ್ರಯಾರಿಟಿ' ಇನ್ನೂ ಗಡುಸು. ಅದರಲ್ಲಿ ಬ್ರಿಟಿಷ್ ಗೂಢಚಾರ ಕಿಮ್ ಫಿಲ್ಬಿಯ ಹೆಸರಿನ ಹಾಡಿದೆ, ಅದರ ಸೋಲೋನಲ್ಲಿ ಕೇಳುವುದು ಎಲೆಕ್ಟ್ರಿಕ್ ಸಿತಾರ್. ಹೆಸರು ಸಿತಾರ್ ಆದರೂ ಅದು ಗಿಟಾರೇ, ತಂತಿ ಕೂರುವ ಸೇತುವೆಯನ್ನು ಚಪ್ಪಟೆ ಮಾಡಿ ಝೇಂಕಾರ ಬರಿಸಿರುತ್ತಾರೆ. 1980ರ ಲೈವ್ ಆಲ್ಬಂ 'ಸ್ಟೇಜ್ ಸ್ಟ್ರಕ್' ಅನ್ನು ನಾನು ಹೇಳಿದ ಮೂರು ಲೈವ್ ಆಲ್ಬಂಗಳಲ್ಲಿ ಕೊನೆಗೆ ಕೇಳಿ ಸಾಕು. ಗದ್ದಲ ಜಾಸ್ತಿ, ನಾನು ಮೇಲೆ ಹೇಳಿದ ಖಾಲಿ ಜಾಗ ಅದರಲ್ಲಿ ಕಮ್ಮಿ.

ಪ್ರಶ್ನೆ: ನಾನು ಕೆಲಸದ ಮೇಲೆ ಡಬ್ಲಿನ್‌ನಲ್ಲಿದ್ದೇನೆ. ಇಲ್ಲಿ ರೋರಿಗೆ ಸಂಬಂಧಪಟ್ಟದ್ದು ಏನು ನೋಡಬಹುದು? (ಓದುಗರು, ಡಬ್ಲಿನ್)

ನಿಮ್ಮ ಊರಲ್ಲೇ ಟೆಂಪಲ್ ಬಾರ್ ಬಡಾವಣೆಯಲ್ಲಿ ಅವನ ಹೆಸರಿನ ಮೂಲೆ ಇದೆ, ಗೋಡೆಗೆ ಕಂಚಿನ ಗಿಟಾರ್ ಹಾಕಿದ್ದಾರೆ. ಕಾರ್ಕ್‌ನಲ್ಲಿ ರೋರಿ ಗ್ಯಾಲಹರ್ ಪ್ಲೇಸ್ ಎನ್ನುವ ಚೌಕವಿದೆ. ಹುಟ್ಟೂರು ಬ್ಯಾಲಿಶಾನನ್‌ನಲ್ಲಿ 2010ರಿಂದ ಪ್ರತಿಮೆ ಇದೆ. 2025ರ ಜನವರಿಯಲ್ಲಿ ಬೆಲ್‌ಫಾಸ್ಟ್‌ನಲ್ಲೂ, ಅಲ್ಸ್ಟರ್ ಹಾಲ್ ಹೊರಗೆ, ಒಂದು ಪ್ರತಿಮೆ ನಿಂತಿದೆ. ಒಂದೇ ಕಡೆ ಹೋಗಲು ಸಮಯ ಇದ್ದರೆ ನಾನು ಬೆಲ್‌ಫಾಸ್ಟ್ ಅನ್ನುತ್ತೇನೆ, ಡಬ್ಲಿನ್‌ನಿಂದ ರೈಲಿನಲ್ಲೇ ಹೋಗಬಹುದು. ಮೇಲೆ ಹೇಳಿದ ಆ ಗಿಟಾರ್ 2024ರಲ್ಲಿ ಲಂಡನ್ನಿನ ಹರಾಜಿಗೆ ಬಂದು 8 ಲಕ್ಷ ಪೌಂಡ್ ಮೀರಿ ಹೋಯಿತು. ಕೊಂಡವರು ಅದನ್ನು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಹೊರಡುವ ಮುಂಚೆ ಅದು ಯಾವ ಕಟ್ಟಡದಲ್ಲಿದೆ ಅಂತ ಫೋನ್ ಮಾಡಿ ಕೇಳಿಕೊಳ್ಳಿ.

ಪ್ರಶ್ನೆ: ನಾನು ಕರ್ನಾಟಕ ಸಂಗೀತ ಕೇಳಿ ಬೆಳೆದವಳು. ಮಗ ಇದನ್ನು ಹಾಕಿದರೆ ನನಗೆ ತಲೆನೋವು. ಗದ್ದಲವಿಲ್ಲದ ರೋರಿ ಇದ್ದಾನಾ? (ಓದುಗರು, ಹಾಸನ)

ಖಂಡಿತ ಇದ್ದಾನೆ ಅಮ್ಮ. ಅವನ ಆಲ್ಬಂ ಬಹುತೇಕ ಎಲ್ಲದರಲ್ಲೂ ಒಂದೆರಡು ಹಾಡು ಬರೀ ಮರದ ಗಿಟಾರಿನಲ್ಲಿ, ವಿದ್ಯುತ್ ಇಲ್ಲದೆ ನುಡಿಸಿರುತ್ತಾನೆ. 'ಲೈವ್ ಇನ್ ಯೂರೋಪ್'ನ 'ಪಿಸ್ಟಲ್ ಸ್ಲಾಪರ್ ಬ್ಲೂಸ್' ಒಬ್ಬನೇ ನುಡಿಸಿ ಹಾಡಿದ್ದು. 'ಐರಿಷ್ ಟೂರ್'ನ 'ಆ್ಯಸ್ ದ ಕ್ರೋ ಫ್ಲೈಸ್' ಕೂಡ ಹಾಗೇ, ಲೋಹದ ಮೈಯಿನ ನ್ಯಾಷನಲ್ ಗಿಟಾರ್, ಕೊರಳಿಗೆ ಕಟ್ಟಿದ ಮೌತ್ ಆರ್ಗನ್, ಮತ್ತೆ ಅವನ ದನಿ.

ನಿಮಗೆ ಅಂತ ಒಂದೇ ಹಾಡು ಆರಿಸು ಅಂದರೆ 1975ರ 'ಅಗೇನ್ಸ್ಟ್ ದ ಗ್ರೇನ್' ಆಲ್ಬಂನ 'ಔಟ್ ಆನ್ ದ ವೆಸ್ಟರ್ನ್ ಪ್ಲೇನ್'. ಲೆಡ್ ಬೆಲ್ಲಿ ಎನ್ನುವ ಕಪ್ಪು ಅಮೆರಿಕನ್ ಗಾಯಕನ ಹಳೆಯ ಹಾಡು, ಕುದುರೆ ಸವಾರಿಯ ದನಗಾಹಿಯದು. ರೋರಿ ಗಿಟಾರಿನ ಮೂರು ತಂತಿಗಳ ಶ್ರುತಿ ಇಳಿಸಿ, ಬಿಟ್ಟ ತಂತಿಗಳಲ್ಲಿ ಷಡ್ಜ ಪಂಚಮ ಸದಾ ಮೊಳಗುತ್ತಿರುವಂತೆ ಮಾಡಿಕೊಂಡಿದ್ದಾನೆ. ಕೆಳಗೆ ಶ್ರುತಿ ನಿಂತಿರುತ್ತದೆ, ಮೇಲೆ ರಾಗ ಓಡಾಡುತ್ತದೆ, ಹಾಡಿನ ಸಾಲು ಮುಗಿದಲ್ಲಿ ಗಿಟಾರ್ ಅದಕ್ಕೆ ಉತ್ತರ ಕೊಡುತ್ತದೆ. ನಿಮ್ಮ ಕಿವಿಗೆ ಇದು ಪರಕೀಯ ಅನಿಸಲಿಕ್ಕಿಲ್ಲ. ಸ್ಲೈಡ್ ಇರುವ ಹಾಡುಗಳೂ ಹಾಗೆಯೇ, ಬೆರಳಿಗೆ ಸಿಕ್ಕಿಸಿದ ಕೊಳವೆಯನ್ನು ತಂತಿಯ ಮೇಲೆ ಜಾರಿಸುತ್ತಾನೆ, ಗೋಟುವಾದ್ಯ ಕೇಳಿದವರಿಗೆ ಆ ಜಾರು ಹೊಸದಲ್ಲ. 'ಟಟೂ'ದ '20:20 ವಿಷನ್' ಆಮೇಲೆ ಕೇಳಿ. ಮಗನಿಗೆ ಹೇಳಿ ಈ ನಾಲ್ಕನ್ನೇ ಬೇರೆ ಪಟ್ಟಿ ಮಾಡಿಸಿಕೊಳ್ಳಿ, ಕೇಳಿದ ಮೇಲೆ ಹೇಗಿತ್ತು ಅಂತ ನನಗೆ ತಪ್ಪದೆ ಬರೆಯಿರಿ.